ಮರಳು ಒಣಗಿತ್ತೆಂದು ಹೇಳಿದ್ದರ ಬಗ್ಗೆ

...ಕ್ಷಮಿಸಿ ಇನ್ಸ್‌ಪೆಕ್ಟರ್ ಸಾರ್, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ. ಈ ಹಿಂದೆ ಕಳಿಸಿದ ಎರಡೂ ರೆಕಾರ್ಡಿಂಗ್ ಅಳಿಸಿಬಿಡಿ, ಅವುಗಳಲ್ಲಿ ಒಂದು ಮಾತು ಸುಳ್ಳು. ವಯಸ್ಸು ಐವತ್ತು, ಲಿಫ್ಟ್ ರಿಪೇರಿ ಕೆಲಸ, ಪೋಸ್ಟಾಫೀಸಿನ ಹಿಂದಿನ ಓಣಿಯಲ್ಲಿ ಮೂರನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿಯ ಹೊಲಿಗೆ ಯಂತ್ರದ ಕೈಚಕ್ರ ಹದಿನೈದು ದಿನದ ಹಿಂದೆ ಒಡೆಯಿತು. ಆ ಮಾದರಿಯ ಚಕ್ರ ಈಗ ಎಲ್ಲೂ ಸಿಗುವುದಿಲ್ಲ. ಇಪ್ಪತ್ತೆರಡು ಶಾಲಾ ಸಮವಸ್ತ್ರಗಳು ಹೊಲಿಯದೆ ಬಿದ್ದಿವೆ. ನಾನೇ ಎರಕ ಹೊಯ್ದು ಕೊಡುತ್ತೇನೆಂದು ಮಾತು ಕೊಟ್ಟೆ. ಬಣ್ಣದ ಡಬ್ಬಿಯೊಳಗೆ ಜೇಡಿಮಣ್ಣು ಮೆತ್ತಿದ್ದು ಕುಲುಮೆ. ಗಾಳಿಗೆ ಮಗಳ ಹೇರ್ ಡ್ರೈಯರ್. ಕರಗಿಸಲು ತೂತು ಬಿದ್ದ ಅಲ್ಯೂಮಿನಿಯಂ ಕುಕ್ಕರ್. ಥರ್ಮಾಕೋಲಿನಲ್ಲಿ ಚಕ್ರ ಕೊರೆದು ಬಕೆಟ್ಟಿನ ಮರಳಲ್ಲಿ ಹೂತೆ. ಲೋಹ ಹೊಯ್ದರೆ ಥರ್ಮಾಕೋಲ್ ಸುಟ್ಟುಹೋಗಿ ಆ ಜಾಗದಲ್ಲಿ ಚಕ್ರ ಕೂರುತ್ತದೆ.

ಭಾನುವಾರ ಸಂಜೆ 4.10ಕ್ಕೆ ಹೆಂಡತಿ ಮರಳು ಮುಟ್ಟಿ, ಇದಿನ್ನೂ ಹಸಿ ಇದೆ, ನಾಳೆ ಹೊಯ್ಯಿರಿ ಎಂದಳು. ನೀನು ಅಂಗಿಗೆ ಗುಂಡಿ ಹಾಕಿಕೊಂಡಿರು, ಮರಳಿನ ವಿಚಾರ ನನಗೆ ಬಿಡು ಎಂದೆ.

4.25ಕ್ಕೆ ಹೊಯ್ದೆ. ಢಂ ಎಂದಿತು. ಕಡಲೆಕಾಳಿನಷ್ಟು ಲೋಹ ಹದಿನಾಲ್ಕು ಅಡಿ ಹಾರಿ ಪಕ್ಕದ ಮನೆ ಮೇಷ್ಟ್ರ ಕಿಟಕಿ ಪರದೆಯನ್ನು ತೂತು ಮಾಡಿತು. ಯಾರಿಗೂ ಗಾಯವಿಲ್ಲ. ನನಗೆ ಎಡಹುಬ್ಬು ಇಲ್ಲ. ಮೇಷ್ಟ್ರು ಬಾಂಬು ಎಂದು ತಮಗೆ ಫೋನ್ ಮಾಡಿದರು. 4.50ಕ್ಕೆ ತಮ್ಮ ಪೇದೆ ಬಂದು, ಮುಖ ಆ ಕಡೆ ತಿರುಗಿಸಿಕೊಂಡು, ಬಕೆಟ್ಟನ್ನು ಕೈಯಳತೆ ದೂರ ಹಿಡಿದು ಒಯ್ದರು.

ಪರದೆಯನ್ನು ಯಂತ್ರದಲ್ಲೇ ಹೊಲಿದು ಕೊಡಬೇಕು, ಕೈಹೊಲಿಗೆ ಸೊಟ್ಟ ಎನ್ನುತ್ತಾರೆ ಮೇಷ್ಟ್ರು. ಯಂತ್ರಕ್ಕೆ ಹೊಯ್ದ ಚಕ್ರ ಆ ಬಕೆಟ್ಟಿನ ಮರಳಲ್ಲೇ ಇದೆ. ಸಿಡಿದದ್ದೇಕೆಂದು ಸರಿಯಾಗಿ ಹೇಳುವವರೆಗೆ ಬಕೆಟ್ ಬಿಡುವುದಿಲ್ಲ, ಒಣಮರಳು ಢಂ ಎನ್ನುವುದಿಲ್ಲ ಎನ್ನುತ್ತೀರಿ ತಾವು.

ಸರಿ ಸಾರ್. ಮರಳು ಹಸಿಯಿತ್ತು. ನೀರು ಒಮ್ಮೆಲೇ ಆವಿಯಾಗಿ ಸಿಡಿಯಿತು. ಹೆಂಡತಿ ಹೇಳಿದ್ದೇ ಸರಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ವಾಕ್ಯ ಇದೇ ಮೊದಲು.

ಈ ಸಲ ಹೇಳಿದ್ದರಲ್ಲಿ ಸುಳ್ಳಿಲ್ಲ, ಯಾರೂ ಹೆದರಿಸಿ ಹೇಳಿಸಿಲ್ಲ. ಸ್ಥಳ: ಹಿತ್ತಲಿನ ನೀರಿನ ಟ್ಯಾಂಕಿನ ಮರೆ. ಸೋಮವಾರ, ಬೆಳಗ್ಗೆ 8.05. ಸಹಿ ಠಾಣೆಗೆ ಬಂದು ಹಾಕುತ್ತೇನೆ. ಇದನ್ನು ನನ್ನ ಹೆಂಡತಿಗೆ ಮಾತ್ರ ಕೇಳಿಸಬಾರದೆಂದು...

"ರೀ! ಟ್ಯಾಂಕ್ ಹಿಂದೆ ಯಾರ್ ಹತ್ರ ಗುಸುಗುಸು? ಹೆಂಡ್ತಿ ಹೇಳಿದ್ದೇ ಸರಿ ಅಂತೇನೋ ಅಂದ್ರಲ್ಲ, ಇಲ್ ಬಂದು ಇನ್ನೊಂದ್ಸಲ ಹೇಳಿ, ಜೋರಾಗಿ!"

ರೆಕಾರ್ಡಿಂಗ್ ನಿಲ್ಲಿಸುತ್ತೇನೆ ಸಾರ್. ಬಕೆಟ್ ಮರೆಯಬೇಡಿ.