ಪತ್ರಿಕೆಯಲ್ಲಿ ಇಲ್ಲದ ಮಾತು

ಅಧ್ಯಕ್ಷಪೀಠದಲ್ಲಿರುವ ಮಾನ್ಯ ಅಮಲ್ದಾರ್ ಸಾಹೇಬರೇ, ಶ್ರೀನಿವಾಸಪುರದ ಈ ವಾಚನಾಲಯವನ್ನು ಬೆಳೆಸಿದ ಮಹನೀಯರೇ, ತಾಯಂದಿರೇ, ಸಭಿಕರೇ,

ಹತ್ತು ವರ್ಷ ಪ್ರತಿ ಸಂಜೆ ನಿಮಗೆ ಪತ್ರಿಕೆ ಓದಿ ಹೇಳಿದ್ದಕ್ಕೆ ಈ ಸುಬ್ಬರಾಯಪ್ಪನಿಗೆ ಇಂದು ಸನ್ಮಾನ. ಓದು ಬಾರದವರ ಮುಂದೆ ಲೋಕವನ್ನೇ ತಂದಿಟ್ಟವರು ಎಂದು ಅಧ್ಯಕ್ಷರು ಹೊಗಳಿದರು. ನನ್ನಾಕೆ ವೆಂಕಟರತ್ನಮ್ಮ ಹೇಳುವುದೇ ಬೇರೆ: "ಪೇಪರ್‌ನಲ್ಲಿರೋದು ನಾಲ್ಕು ಪುಟ, ನೀವು ಓದೋದು ಆರು ಪುಟ ಕಣ್ರೀ." ನೀವು ನಗುತ್ತೀರಿ. ನಾನೂ ನಗುತ್ತಿದ್ದೆ.

ಎರಡು ವರ್ಷದ ಹಿಂದೆ, ನಲವತ್ತೆರಡರಲ್ಲಿ, ಜಪಾನಿನವರು ಬರ್ಮಾದ ರಂಗೂನ್ ಹಿಡಿದಾಗ ಅಲ್ಲಿ ದುಡಿಯುತ್ತಿದ್ದ ನಮ್ಮ ಜನ ಕಾಡು ಬೆಟ್ಟ ದಾಟಿ ನಡೆದು ಬಂದರು. ತಿಂಗಳುಗಟ್ಟಲೆ ತಡವಾಗಿ ಬರುವ ಲಂಡನ್ ಪತ್ರಿಕೆ ಏನು ಬರೆಯಿತು? ತನ್ನ ದೊರೆ, ದೊರೆಸಾನಿಯರ ಹೆಸರು ಹಾಕಿ ಅವರ ಧೈರ್ಯ ಕೊಂಡಾಡಿತು. ನಮ್ಮವರನ್ನು ಕೂಲಿಗಳ ಗುಂಪು ಎಂದಿತು. ಮದರಾಸಿನ ಪತ್ರಿಕೆ ಏನು ಬರೆಯಿತು? ನಿನ್ನೆ ಇಷ್ಟು ಸಾವಿರ, ಇಂದು ಇಷ್ಟು ಸಾವಿರ ಎಂದಿತು. ಬೆಂಗಳೂರಿನದು, ದಾರಿಯ ಶಿಬಿರಗಳಲ್ಲಿ ಕೆಲವರಿಗೆ ಕಾಲರಾ ಎಂದು ಎರಡೇ ಸಾಲು ಹಾಕಿತು. ಅವರನ್ನೆಲ್ಲ ನಾನು ಸಲೀಸಾಗಿ ಬೈಯಬಲ್ಲೆ. ಆದರೆ ನಮ್ಮೂರಿನ ಪತ್ರಿಕೆ ಯಾವುದು, ಸಭಿಕರೇ? ನಾನೇ ಅಲ್ಲವೇ?

ಬೆಂಗಳೂರಿನ ಆ ಎರಡು ಸಾಲು ಬಂದ ಸಂಜೆ ಈ ವಾಚನಾಲಯದ ಜಗುಲಿ ತುಂಬಿತ್ತು. ಮಾವಿನ ಮಂಡಿಯಲ್ಲಿ ತಕ್ಕಡಿ ಹಿಡಿಯುವ ಬುಡನ್ ಸಾಬರು ಎಂದಿನಂತೆ ಕೇಳಿದರು: "ಮೇಷ್ಟ್ರೇ, ರಂಗೂನ್ ಸುದ್ದಿ ಏನಾದ್ರೂ ಬಂತಾ?" ಅವರ ಮಗಳು ಹಜೀರಾ ಮದುವೆಯಾಗಿ ರಂಗೂನಿನಲ್ಲಿದ್ದಳು. ಎಲ್ಲರ ಕಣ್ಣು ನನ್ನ ಮೇಲೆ. ಎರಡು ಸಾಲು ನನಗೆ ಸಪ್ಪೆ ಎನಿಸಿತು. "ಬರ್ಮಾದಿಂದ ಬಂದವರೆಲ್ಲ ಕಾಲರಾ ಹೊತ್ತು ತರುತ್ತಿದ್ದಾರೆ, ಊರೊಳಗೆ ಬಿಟ್ಟುಕೊಳ್ಳಬಾರದು" ಎಂದು ಓದಿಬಿಟ್ಟೆ.

ಹತ್ತು ದಿನಕ್ಕೆ ಹಜೀರಾ ಕೋಲಾರದ ಬಸ್ಸಿನಿಂದ ಇಳಿದಳು. ಗಂಡ ಅಕ್ಬರ್ ದಾರಿಯಲ್ಲೇ ತೀರಿಹೋಗಿದ್ದ. ಕಂಕುಳಲ್ಲಿ ನಾಲ್ಕು ವರ್ಷದ ಮಗಳು. ಊರವರು ತಡೆದು ಊರಾಚೆಯ ಮಾವಿನ ತೋಪಿನ ಕಾವಲು ಗುಡಿಸಲಿಗೆ ಕಳಿಸಿದರು. ಬುಡನ್ ಸಾಬರೊಬ್ಬರೇ ಹೋಗಿ ಜೊತೆಗೆ ಕೂತರು. ಮಗುವಿಗಿದ್ದದ್ದು ಬರೀ ಜ್ವರ ಮತ್ತು ಹಸಿವು. ಔಷಧಿ ಕೊಡಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ನಾಲ್ಕನೆಯ ದಿನ ಮಗು ಹೋಯಿತು.

ಬುಡನ್ ಸಾಬರೇ, ಅಂದಿನಿಂದ ನೀವು ಪತ್ರಿಕೆಯವರನ್ನು ಶಪಿಸುತ್ತಿದ್ದೀರಿ. ಪಕ್ಕದಲ್ಲೇ ಕೂತು ನಾನು ತಲೆಯಾಡಿಸುತ್ತಿದ್ದೇನೆ. ಆ ಮಾತು ಪತ್ರಿಕೆಯಲ್ಲಿ ಇರಲಿಲ್ಲ. ಅದು ನನ್ನದು.

ಯಾವ ದೇಶದ ಪತ್ರಿಕೆಯೂ ಬರೆಯದ ಸುದ್ದಿಯೊಂದನ್ನು ಕೊನೆಯದಾಗಿ ಓದುತ್ತೇನೆ, ಏನೂ ಸೇರಿಸದೆ. ಮೆಹರ್ ಬಾನು, ವಯಸ್ಸು ನಾಲ್ಕು, ಶ್ರೀನಿವಾಸಪುರದವಳು, ತನ್ನೂರಿನ ಹೊರಗೆ ತೀರಿಕೊಂಡಳು.

ಕೂತು ಕೇಳಿದ ನಿಮಗೆಲ್ಲ ಕೃತಜ್ಞತೆ. ಬುಡನ್ ಸಾಬರೇ, ನಿಮಗೆ ಕೈ ಮುಗಿಯುವ ಮುಖ ನನಗಿಲ್ಲ. ಆದರೂ ಮೊದಲು ನಿಮಗೆ, ಆಮೇಲೆ ಸಭೆಗೆ, ನಮಸ್ಕಾರ.