ಮಾಳಗಿ ಎದ್ದ ದಿನ

ಅಲ್ಲೋ ತಮ್ಮಾ, ಗ್ವಾಡಿ ಬಿದ್ದಿದ್ದಿಲ್ಲ, ತಲಿ ಮ್ಯಾಲಿನ ಮಾಳಗಿ ಕುಸದು ಕುಂತಿತ್ತು, ಅದನ್ನ ಮೊದ್ಲು ತಿಳ್ಕೋ. ಗ್ವಾಡಿ ಬಿದ್ರ ಮನಶಾ ಹೊರಗರೆ ಓಡ್ತಾನ, ಮಾಳಗಿ ಕುಂತ್ರ ಎಲ್ಲಿ ಓಡ್ತಿ? ಮತ್ತ ನಾ ಬಾಣಂತಿ. ನಿಮ್ಮ ದೊಡ್ಡಪ್ಪ ಹುಟ್ಟಿ ಇನ್ನಾ ಐದನೇ ದಿನದ ಐದೇಶಿ ಸೈತ ಆಗಿದ್ದಿಲ್ಲ. ಈ ಮನಿ ಅಲ್ಲ, ಮಣ್ಣೂರಿನ ಹಳೀ ಮನಿ, ಹೊಳಿ ದಂಡಿ ಕಡಿದು. ಒಳಗಿನ ಖೋಲ್ಯಾಗ ಹೊರಸಿನ ಮ್ಯಾಲ ಕೂಸಿನ ಹಿಡ್ಕೊಂಡು ಮಲಗಿದ್ದೆ. ಮ್ಯಾಲ ಮಣ್ಣಿನ ಮಾಳಗಿ, ಮೊಣಕಾಲ ಮಟ ಮಣ್ಣು, ಆ ಭಾರ ಎಲ್ಲಾ ಹೊರೋದು ಒಂದು ದೊಡ್ಡ ತೊಲಿ, ಆ ತೊಲಿಗಿ ನಡುಮನ್ಯಾಗ ಒಂದು ಕಂಬ. ಕಂಬದ ಬುಡಾ ಗೆದ್ದಲ ತಿಂದಿತ್ತು. ನಮಗ ಗೊತ್ತಿದ್ದಿಲ್ಲ ಅಂತಲ್ಲ, ಗೊತ್ತಿತ್ತು, ಆದ್ರ ಮನಿ ಕಟ್ಟೋ ಗೌಂಡಿ ಸಿಗಬೇಕಲ್ಲ? ಲಡಾಯಿ ಕಾಲ ಅದು. ನಮ್ಮೂರ ಗೌಂಡಿ ಗಿರಣಿ ಕೆಲಸಕ್ಕ ಸೊಲ್ಲಾಪುರ ಸೇರಿದ್ದ. ನಿಮ್ಮ ಮುತ್ಯಾ ಅಫಜಲಪುರಕ್ಕ ಹೋದ್ರು, ಜೇವರ್ಗಿಗಿ ಹೋದ್ರು, ಆಳಂದಕ್ಕ, ಇಲ್ಲ ಆಳಂದಕ್ಕ ಹೋಗಲಿಲ್ಲ, ಹೇಳಿ ಕಳಿಸಿದ್ರು. ಎಲ್ಲಾ ಕಡಿ ಒಂದೇ ಮಾತು, “ಮಳಿ ಮುಗೀಲಿ, ಬರ್ತೇವ್ರಿ.”

ಹಂಗಂದ್ರ ಕೆಲಸದವರೇ ಇದ್ದಿದ್ದಿಲ್ಲೇನು ಅಂತೀರಿ. ಇದ್ರವ್ವಾ, ಕಣ್ಣ ಮುಂದೇ ಇದ್ರು. ಹೊಳಿ ಈಚೆ ನಮ್ದು ನಿಜಾಮರ ಮೊಗಲಾಯಿ, ಆಚೆ ಇಂಗ್ರಜರ ಮುಲುಕ. ಆಚೆ ಕಡಿಂದ ಕೂಲಿ ಮಂದಿ ಹೊಟ್ಟಿ ಕಟ್ಕೊಂಡು ಹೊಳಿ ದಾಟಿ ಬಂದು, ಊರ ಅಗಸಿ ಬಾಗಲ ಮುಂದ ಬೇವಿನ ಗಿಡದ ಬುಡಕ ಕುಂಡ್ರತಿದ್ರು. ಅವ್ರ ಹಿರ್ಯಾ ಯಲ್ಲಪ್ಪ ಅಂತ, ಗೌಂಡಿನೇ ಅಂವ. ಆದ್ರ ಊರಾಗ ಯಾರೂ ಕರೀಂಗಿಲ್ಲ. ಯಾಕ? ಅರ್ಧ ಕೂಲಿಗಿ ಬರ್ತಾರ ಅಂತ ನಮ್ಮೂರ ಕೂಲಿಯವ್ರಿಗಿ ಸಿಟ್ಟು. ಭೀಮಶಾ ಅಂತ ಇದ್ದ ನೋಡ್ರಿ, ನಮ್ಮೂರ ಕೂಲಿಯವ್ರಿಗೆಲ್ಲಾ ಅವನೇ ಮುಂದ. ಎತ್ತರ ಆಳು, ಬಾಗಲಾಗ ನಿಂತ್ರ ಬೆಳಕು ಒಳಗ ಬರ್ತಿದ್ದಿಲ್ಲ. ಅಂವ ಮನಿ ಮನಿಗಿ ಬಂದು ಹೇಳಿದ್ದ, “ಅವ್ರನ್ನ ಕರದ್ರ ನಿಮ್ಮ ಹೊಲಕ್ಕ ನಾವು ಕಾಲಿಡಾಂಗಿಲ್ರಿ. ನಮ್ಮ ಮಕ್ಕಳು ಮಣ್ಣು ತಿನ್ನಬೇಕೇನು?” ಅವನ ಮಾತ್ನಾಗ ಸುಳ್ಳೇನಿತ್ತು? ಇಬ್ರದೂ ಹೊಟ್ಟಿನೇ. ಆದ್ರ ಮಾತಿಗಿ ಮಾತು ಬೆಳದು, ಗಿಡದ ಬುಡಕ ಕಲ್ಲೂ ಬಿದ್ವು, ಅವ್ರಾಗಿನ ಒಬ್ಬ ಹೆಣಮಗಳ ಹಣಿ ಒಡೀತು.

ಹಂಗಿರ್ತ ಮಳಿ ಹಿಡೀತು. ಹಗಲೂ ರಾತ್ರಿ ಜಿಟಿಜಿಟಿ. ಒಂದಿನ ಮುಂಜಾನಿ, ನಿಮ್ಮ ಮುತ್ಯಾ ಮತ್ತ ಗೌಂಡಿ ಹುಡುಕಾಕ ಹೋಗಿದ್ರು, ಅತ್ತಿ ನನಗ ನೀರ ಕಾಸಾಕ ಅಂತ ಹೊರಗ ಹೋದ್ಲು, ಅಕಿ ಬೆನ್ನ ಹಿಂದೇ ‘ಕಟಕ್’ ಅಂತು. ಕಂಬ ಜರೀತು, ತೊಲಿ ಬಂದು ನನ್ನ ಖೋಲಿ ಬಾಗಲ ಚೌಕಟ್ಟಿನ ಮ್ಯಾಲ ಕುಂತು ಬಿಡ್ತು. ಬಾಗಲ ಬಿಗದುಹೋತು, ಎಳದ್ರ ಬರಾಂಗಿಲ್ಲ. ಕಣ್ಣಾಗ ಬಾಯಾಗ ಮಣ್ಣು. ಕೂಸಿನ ಮ್ಯಾಲ ನಾ ಬಗ್ಗಿದೆ, ಅಷ್ಟೇ ನೆಪ್ಪು. ಮ್ಯಾಲ ಒಂದು ಬೆಳಕಿಂಡಿ ಇತ್ತು, ಗಡಗಿ ಬಾಯಿಯಷ್ಟು, ಅದ್ರಾಗ ಬೆಕ್ಕು ಹೋದೀತು, ನಾ ಹ್ಯಾಂಗ ಹೋಗಲಿ?

ಭೀಮಶಾ ತನ್ನ ಮಂದಿ ಕಟ್ಕೊಂಡು ಓಡಿ ಬಂದ. ಗ್ವಾಡಿ ಆಚೆ ಅವ್ರ ಮಾತೆಲ್ಲಾ ನನಗ ಕೇಳ್ತಿತ್ತು. “ಬಾಗಲಾ ಒಡಿಯೋಣ?” ಅಂತಾನ ಒಬ್ಬಾಂವ. “ಬ್ಯಾಡಲೇ! ಬಾಗಲಾ ಒಡದ್ರ ತೊಲಿ ಕೆಳಗ ಬರ್ತದ,” ಅಂತಾನ ಭೀಮಶಾ. “ಗೌಂಡಿ ಇಲ್ದ ಇದು ಆಗಾಂಗಿಲ್ಲ,” ಅಂತಾನ ಮತ್ತೊಬ್ಬಾಂವ. ಆ ಮಾತು ಕೇಳಿ ನನಗ ಎದಿ ಒಡೀತು ನೋಡ್ರಿ. ಆಗ ನಮ್ಮತ್ತಿ, ಭಾಳ ಮಾತಾಡೋಕಿ ಅಲ್ಲ ಅಕಿ, ಸೆರಗು ಬಿಗದು ಅಗಸಿ ಕಡಿ ನಡದೇ ಬಿಟ್ಲು. ಕರಕೊಂಡು ಬಂದ್ಲು ಯಲ್ಲಪ್ಪನ್ನ, ಅವನ ಮಂದೀನ.

ಅಂಗಳದಾಗ ಭೀಮಶಾ ಅಡ್ಡ ನಿಂತ. “ಯಕ್ಕಾ, ಇವ್ರು ಒಳಗ ಹೋಗಾಂಗಿಲ್ಲ.” ಅತ್ತಿ ಬಾಯಿ ತೆಗಿಯೋದ್ರಾಗ ಯಲ್ಲಪ್ಪನೇ ಅಂದ, “ಒಳಗ ಯಾರದಾರ್ರಿ?” “ಬಾಣಂತಿ, ಹಸಗೂಸು,” ಅಂದ್ಲು ಅತ್ತಿ. ಆ ಮುದಕ ಭೀಮಶಾನ ಕಡಿ ಹೊಳ್ಳಿ ಅಂದ, “ತಮ್ಮಾ, ಜಗಳಾ ನಾಳಿ ಮಾಡೋಣು, ನಾ ಎಲ್ಲೂ ಓಡಿಹೋಗಾಂಗಿಲ್ಲ. ಇವತ್ತ ಹೆಗಲು ಕೊಡು. ನನ್ನ ಮಂದಿ ಹೊಟ್ಟಿಗಿಲ್ದ ಸೊರಗ್ಯಾರ, ಅವ್ರಷ್ಟಕ್ಕ ಈ ತೊಲಿ ಏಳಾಂಗಿಲ್ಲ.”

ಭೀಮಶಾ ದಾರಿ ಬಿಟ್ಟು ಸರದ. ತಲಿಗಿ ಸುತ್ತಿದ ರುಂಬಾಲ ಬಿಚ್ಚಿ ಹೆಗಲ ಮ್ಯಾಲ ಮಡಚಿ ಇಟ್ಕೊಂಡ.

ಆಮ್ಯಾಲಿಂದು ಹ್ಯಾಂಗ ಹೇಳಲಿ ನಿಮಗ! ಮೊದ್ಲು ಮಾಳಗಿ ಮ್ಯಾಲಿನ ಮಣ್ಣು ಆದಷ್ಟು ಇಳಸಿದ್ರು, ಗುದ್ದಲಿ ಹಾಕಲಾರ್ದ, ಬರೇ ಕೈಲೆ. ಬುಟ್ಟಿ ಕೈಯಿಂದ ಕೈಗಿ, ನಮ್ಮೂರ ಹೆಣಮಕ್ಕಳು, ಆಚೆ ಊರ ಹೆಣಮಕ್ಕಳು, ಒಬ್ರ ಬೆನ್ನಿಗಿ ಒಬ್ರು. ಕಲ್ಲಿಗಿ ಹಣಿ ಒಡದಿತ್ತಲ್ಲ, ಬಟ್ಟಿ ಕಟ್ಕೊಂಡು ಅಕೀನೂ. ಬೆಳಕಿಂಡ್ಯಾಗ ಯಾರೋ ಅಂತಿದ್ರು, “ಅಂಜಬ್ಯಾಡ ತಂಗಿ, ಕೂಸಿಗಿ ಮೊಲಿ ಕೊಡು.” ಯಾರಂತ ಇವತ್ತಿಗೂ ಗೊತ್ತಿಲ್ಲ. ಆಮ್ಯಾಲ ತೊಲಿ ಬುಡಕ ಕಬ್ಬಿಣದ ಹಾರಿ ಹೆಟ್ಟಿದ್ರು, ಹೆಗಲು ಕೊಟ್ರು. ಯಲ್ಲಪ್ಪ ಕೂಗ್ತಾನ, “ಎತ್ರೋ!” ಎಲ್ಲಾರೂ, “ಹೈಸಾ!” “ಮತ್ತೊಂದು!” “ಹೈಸಾ!” ಆ ದನೀಗಿ ನನ್ನ ಹೊರಸು ನಡುಗ್ತಿತ್ತು. ಕಣ್ಣು ತೆರದು ನೋಡ್ತೇನಿ, ಗ್ವಾಡಿ ತಲಿ ಮ್ಯಾಲಿಂದ ಮಾಳಗಿ ಎದ್ದು ನಿಂತದ! ಖರೆ ಹೇಳ್ತೇನಿ, ಎದ್ದು ನಿಂತದ! ಗ್ವಾಡಿಗೂ ಮಾಳಗಿಗೂ ನಡುವ ಒಂದು ಬೆರಳ ಬೆಳಕು, ಈ ಮೂಲಿಯಿಂದ ಆ ಮೂಲಿ ತನಕ, ಬಿಳೀ ನೂಲು ಎಳದಂಗ. ಅಷ್ಟು ಭಾರ, ಅಜ್ಜರ ಕಾಲದ ಉಳದ ಮಣ್ಣು, ಮನಶ್ಯಾರ ಹೆಗಲ ಮ್ಯಾಲ! ನನ್ನ ಅಂಜಿಕಿ ಎಲ್ಲಿ ಹೋತೋ, ಗುಡ್ಯಾಗ ಕೈ ಮುಗದಂಗ ಮುಗದು ಬಿಟ್ಟೆ. ಬಾಗಲಾ ಕಿರ್ ಅಂತು, ಅತ್ತಿ ಬಂದು ಕೂಸಿನ ಎತ್ಕೊಂಡ್ಲು, ನಾ ಅವ್ರ ಹೆಗಲ ಬುಡಕೇ ಬಗ್ಗಿ ಹೊರಗ ಬಂದೆ. ಭೀಮಶಾ, ಯಲ್ಲಪ್ಪ ಜೋಡಿ ನಿಂತಿದ್ರು, ಕುತ್ತಿಗಿ ನರಾ ಹಗ್ಗ ಆಗಿದ್ವು, ಬೆವರು ಮಣ್ಣು ಕೂಡಿ ಯಾರ ಮಾರಿ ಯಾರದಂತ ತಿಳೀಲಿಲ್ಲ.

ಜಗಳಾ? ಆತಲ್ಲ! ಮರುದಿನ ಬರಾಬರ್ ಆತು. ಆದ್ರ ನಿಂತು ಅಲ್ಲ, ನಮ್ಮ ಕಟ್ಟಿ ಮ್ಯಾಲ ಕುಂತು, ಅತ್ತಿ ಕೊಟ್ಟ ರೊಟ್ಟಿ ಮುರೀತ ಮಾಡಿದ್ರು. ಅರ್ಧ ಕೂಲಿಗಿ ಯಾರೂ ಹೋಗಬಾರ್ದು, ಗೌಂಡಿ ಕೆಲಸ ಅವ್ರದು, ಮಣ್ಣಿನ ಕೆಲಸ ನಮ್ಮವ್ರದು ಅಂತ ಆತು. ಆಮ್ಯಾಲೂ ಆಗೊಮ್ಮಿ ಈಗೊಮ್ಮಿ ಮಾತು ಬರ್ತಿದ್ವು, ಇಲ್ಲ ಅನ್ನಾಂಗಿಲ್ಲ. ಕಲ್ಲು ಮಾತ್ರ ಬೀಳಲಿಲ್ಲ. ಅದಕ್ಕ ಹೇಳ್ತೇನಿ, ಮಂದಿ ಇದ್ದಲ್ಲಿ ಜಗಳಾ ಇರ್ತಾವ, ಮಾಡ್ರಿ. ಆದ್ರ ಒಬ್ರು ಸಿಕ್ಕೊಂಡಾಗ ಮೊದ್ಲು ಎತ್ರಿ, ಯಾವೂರವ್ರು ಅಂತ ಆಮ್ಯಾಲ ಕೇಳ್ರಿ. ಏಳ್ರಿ ಈಗ, ರೊಟ್ಟಿ ಆರಾಕತ್ತಾವ.