ಹತ್ತನೇ ಸರದಿ

...ಮಾತಾಡಬೇಡ ಅಂದ್ನಲ್ಲ! ಮುಚ್ಚು ಬಾಯಿ. ಹಲ್ಲು ಕಿತ್ತ ಡಾಕ್ಟರು ಏನಂದ? ಒಂದು ಗಂಟೆ ಹತ್ತಿ ಕಚ್ಚಿಕೊಂಡಿರು, ತುಟಿ ಪಿಟಕ್ ಅನ್ನಬೇಡ ಅಂದ ತಾನೇ? ಹಾಂ. ಹಾಗಾದ್ರೆ ಕೂತ್ಕೋ. ಆ ಜೋಳದ ಮೂಟೆ ಮೇಲೆ ಬೇಡ, ಅದು ಹರಿದಿದೆ. ಇಲ್ಲಿ, ಒಣ ಆಲೂಗಡ್ಡೆ ಮೂಟೆ ಮೇಲೆ ಕೂರು. ಇವತ್ತು ಮಾತೆಲ್ಲ ನಂದು. ದಿನಾ ನಿಂದೇ ಅಲ್ವಾ, ಬೆಳಿಗ್ಗೆಯಿಂದ ಸಂಜೆವರೆಗೂ, ಗಿರಾಕಿಗಳ ಕಿವಿ ತೂತು ಬೀಳೋ ಹಾಗೆ!

ಯಾಕೆ ನಗ್ತೀಯ? ನಗಬೇಡ ಕಣೇ ನೈದಾ, ರಕ್ತ ಬರುತ್ತೆ.

ಅಯ್ಯಯ್ಯೋ ನನ್ನ ಮಂಡಿ... ಇರು, ಕೂರೋಕೆ ಒಂದು ಗಳಿಗೆ ಬೇಕು ನನಗೆ. ಉಸ್ಸಪ್ಪಾ. ಈ ಕೊಚಬಾಂಬಾ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ನಿಂತೇ ವ್ಯಾಪಾರ ಮಾಡಿದೆ. ಈಗ ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ. ಸಾಕಾಗಿದೆ ಕಣೇ. ನಿಜವಾಗ್ಲೂ ಸಾಕಾಗಿಹೋಗಿದೆ.

ತಗೋ, ನಿನ್ನ ಗಂಟು. ಬಟ್ಟೆಯಲ್ಲಿ ಕಟ್ಟಿಟ್ಟಿದೀನಿ. ಈ ಸಲದ ಪಸನಾಕು ಇಲ್ಲಿಗೆ ಮುಗೀತು. ಹತ್ತು ಹೆಂಗಸರು, ತಿಂಗಳು ತಿಂಗಳು ಎಲ್ಲರೂ ಕಟ್ಟಿದ್ದು ಒಟ್ಟುಮಾಡಿ ತಿಂಗಳಿಗೊಬ್ಬಳಿಗೆ ಗಂಟು, ಕೊನೇದು ನಿಂದು. ಎಲ್ಲರೂ ಸರಿಯಾಗಿ ಕಟ್ಟಿದಾರೆ, ಆ ಎವ್ಲೋಹಿಯಾ ಸಮೇತ. ಅವಳ ಹತ್ರ ವಸೂಲಿ ಮಾಡೋಷ್ಟರಲ್ಲಿ ನನ್ನ ಚಪ್ಪಲಿ ಸವೆದುಹೋಯ್ತು, ಅದು ಬೇರೆ ಮಾತು.

ಮಡಿಲಲ್ಲಿ ಇಟ್ಕೋ. ಹಾಗಲ್ಲ, ಶಾಲಿನ ಒಳಗೆ! ದುಡ್ಡು ಇರೋದು ಎದುರಂಗಡಿಯವನಿಗೆ ಗೊತ್ತಾಗಬಾರದು, ಇಲ್ಲದೇ ಇರೋದೂ ಗೊತ್ತಾಗಬಾರದು. ಎಷ್ಟು ಸಲ ಹೇಳಿದೀನಿ?

ನಿನ್ನ ವಯಸ್ಸಿನವರನ್ನ ನೋಡ್ತೀನಲ್ಲ. ಕೈಗೆ ನಾಲ್ಕು ಕಾಸು ಬಿತ್ತೋ, ಮಾರನೇ ದಿನ ಹೊಸ ಫೋನು. ಅದರ ಮಾರನೇ ದಿನ ಅಮ್ಮನ ಹತ್ರ ಬಸ್ ಚಾರ್ಜಿಗೆ ಕೈ ಚಾಚೋದು! ನೀನು ಹಾಗಾಗಲಿಲ್ಲ. ಯಾಕೆ ಆಗಲಿಲ್ಲ? ಹದಿನಾರಕ್ಕೇ ನಿನ್ನನ್ನ ಈ ಪಸನಾಕಿಗೆ ಸೇರಿಸಿದೆ ನಾನು. ನಿಮ್ಮಮ್ಮ ಬೇಡ ಅಂದ್ಲು, ಚಿಕ್ಕ ಹುಡುಗಿ ಅಂದ್ಲು. ಚರ್ಚಿನಲ್ಲಿ ಇವಳ ತಲೆ ಮೇಲೆ ನೀರು ಬಿದ್ದಾಗ ಎತ್ತಿಕೊಂಡು ನಿಂತಿದ್ದವಳು ನಾನು, ಇವಳಿಗೆ ಮದ್ರಿನಾ ನಾನು, ಕಲಿಸೋ ಜವಾಬ್ದಾರಿ ನಂದು ಅಂದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಸಂಬಳ ಬಂದ ದಿನವೇ ಮೊದಲು ಪಸನಾಕಿಂದು ಎತ್ತಿಡು, ಆಮೇಲೆ ಊಟ, ಆಮೇಲೆ ಬಳೆ ಸರ. ಸೋಮವಾರ ವಾಪಸ್ ಕೊಡ್ತೀನಿ ಅನ್ನೋ ಗಂಡಸಿಗೆ ಸಾಲ ಕೊಡಬೇಡ, ಅವನ ಸೋಮವಾರ ಯಾವತ್ತೂ ಬರಲ್ಲ. ಕಲಿಸಿದ್ನೋ ಇಲ್ವೋ?

ಹಾಂ, ತಲೆ ಅಲ್ಲಾಡಿಸು. ಅಷ್ಟು ಸಾಕು.

ಮುಖ್ಯವಾಗಿ ಕಲಿಸಿದ್ದು ತಾಳ್ಮೆ. ಗಂಟು ಮೊದಲೇ ಸಿಕ್ಕವರ ಕಥೆ ನೋಡು. ರೆಮೆದಿಯೋಸ್‌ಗೆ ಎರಡನೇ ತಿಂಗಳೇ ಬಂತು. ಏನು ಮಾಡಿದ್ಲು? ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ವಾದ್ಯದವರನ್ನ ಕರೆಸಿದ್ಲು. ಮಿಕ್ಕ ಎಂಟು ತಿಂಗಳು ಕಣ್ಣೀರು ಹಾಕ್ಕೊಂಡು ಕಟ್ಟಿದ್ಲು. ಕೊನೇಲಿ ಸಿಗೋ ಗಂಟಿಗೆ ಹಿಂದೆ ಸಾಲ ಇಲ್ಲ, ಮುಂದೆ ಚಿಂತೆ ಇಲ್ಲ. ನಿಂದು ಮೂರು ವರ್ಷವೂ ಕೊನೇ ಸರದಿಯೇ. ಅದು... ಅದೊಂದು ಅದೃಷ್ಟ ಅಂತ್ಲೇ ತಿಳ್ಕೋ.

ಏನು? ಯಾಕೆ ಹಾಗೆ ನೋಡ್ತೀಯ?

ನೋವಾಗ್ತಿದೆಯಾ? ಇರು, ಆಚೆ ದಾಲ್ಚಿನ್ನಿ ಐಸಿನವಳು ಬಂದ್ರೆ ಕೊಡಿಸ್ತೀನಿ. ಹಲ್ಲಿಗೆ ತಂಪು ಒಳ್ಳೇದು. ಇವತ್ತು ದುಡ್ಡು ನಂದೇ, ಹೆದರಬೇಡ.

ಇನ್ನೇನು ಅವರೆಲ್ಲ ಬರ್ತಾರೆ, ಹೊಸ ಸುತ್ತಿಗೆ ಚೀಟಿ ಎತ್ತೋಕೆ. ಒಂದರಿಂದ ಹತ್ತರವರೆಗೆ ನಂಬರ್ ಬರೆದು ಕಾಗದ ಕತ್ತರಿಸಿಟ್ಟಿದೀನಿ. ನೀನೂ ಇರ್ತೀಯ ತಾನೇ? ಇರ್ಲೇಬೇಕು. ಈ ದುಡ್ಡು ಬ್ಯಾಂಕಿಗೆ ಹಾಕು, ಇನ್ನೊಂದು ಸುತ್ತು ಕಟ್ಟು, ಎರಡೂ ಸೇರಿದ್ರೆ ಸ್ವಂತ ಅಂಗಡಿ ಹಾಕೋಕೆ ಒಂದು ಒಳ್ಳೆ ಜಾಗವೇ ಸಿಗುತ್ತೆ ನಿನಗೆ. ಮಾರೋಕಿಟ್ಟಿದ್ದ ಕಾಸಿಮಿರಾಳ ಅಂಗಡಿ ಜಾಗ ಹೋಯ್ತು ಅಂತ ಇನ್ನೂ ಕೊರಗಬೇಡ. ಬಸ್ ನಿಲ್ಲೋ ಮೂಲೆ, ಒಳ್ಳೇದೇ ಇತ್ತು, ಇಲ್ಲ ಅನ್ನಲ್ಲ. ಪಾಪ, ಕಾರ್ನಿವಲ್ ಹಬ್ಬದವರೆಗೂ ಕಾದ್ಲು ಅವಳೂ. ನಿನ್ನ ಗಂಟು ಅಷ್ಟರಲ್ಲಿ ಬರಲಿಲ್ಲ, ಫೋನ್ ಕವರ್ ಮಾರೋ ಓರೂರೋ ಊರಿನವನಿಗೆ ಕೊಟ್ಟುಬಿಟ್ಲು. ಏನು ಮಾಡೋಕಾಗುತ್ತೆ? ಹಣೇಬರಹ.

ಮತ್ತೆ ಆ ಗೋಡೆ ಕಡೆಗೇ ನೋಡ್ತಿದೀಯ!

ಎವ್ಲೋಹಿಯಾ ತನ್ನ ಮೂರನೇ ಸರದಿ ನಿನಗೆ ಬಿಟ್ಟುಕೊಡ್ತೀನಿ ಅಂದಿದ್ದು ನಿಜ. ನಾನು ಬೇಡ ಅಂದಿದ್ದೂ ನಿಜ. ಎದುರಿಗೇ ಅಂದೆ, ಕದ್ದು ಅನ್ನಲಿಲ್ಲ. ಸರದಿ ಅಂದ್ರೆ ಸರದಿ! ಇವತ್ತು ಇವಳು ಅವಳಿಗೆ ಬಿಟ್ಟುಕೊಟ್ರೆ, ನಾಳೆ ಅವಳು ಇನ್ನೊಬ್ಬಳಿಗೆ, ಪಸನಾಕು ಅನ್ನೋದು ಹುಡುಗಾಟ ಆಗುತ್ತೆ. ನೀನು ಆವತ್ತು ಮೂಟೆಗಳ ಹಿಂದೆ ಕೂತು ಅತ್ತೆ, ನಾನು ನೋಡ್ದೆ. ನನಗೇನು ಖುಷಿಯಾಯ್ತಾ? ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ ಗೊತ್ತಾ?

...ಏನಾದ್ರೂ ಅನ್ನೇ. ಓ, ಅನ್ನೋ ಹಾಗಿಲ್ಲ. ಸರಿ.

ಏನಿದೆ ಆ ಮೊಳೇಲಿ? ನನ್ನ ಟೋಪಿ ತಾನೇ ನೇತುಹಾಕಿರೋದು? ನೀನು ಹುಟ್ಟಿದಾಗಿನಿಂದ ನೋಡಿರೋ ಬಿಳಿ ಟೋಪಿ. ಚೀಟಿ ಹಾಕೋಕೆ ಬೇಕಲ್ಲ, ಅದಕ್ಕೆ ತೆಗೆದಿಟ್ಟೆ. ನೋಡೋಕೇನಿದೆ ಅದರಲ್ಲಿ?

ನೈದಾ. ನನ್ನ ಕಡೆ ನೋಡು.

ಇಲ್ಲ, ಆ ನೋಟ ಹಲ್ಲುನೋವಿಂದಲ್ಲ. ಬಂದಾಗಿನಿಂದ ನೋಡ್ತಿದೀನಿ, ನನ್ನ ಮುಖ ನೋಡ್ತೀಯ, ಟೋಪಿ ನೋಡ್ತೀಯ, ಮುಖ ನೋಡ್ತೀಯ, ಟೋಪಿ ನೋಡ್ತೀಯ. ನಾನೇನು ಹಾಲು ಕುಡಿಯೋ ಮಗುವಾ? ಯಾರು ಹೇಳಿದ್ರು ನಿನಗೆ? ಎವ್ಲೋಹಿಯಾ ತಾನೇ? ಅವಳ ಬಾಯಿಗೆ ಬೀಗ ಇಲ್ಲ! ಕಳೆದ ಸಲ ಚೀಟಿ ಎತ್ತುವಾಗ ಅವಳು ನನ್ನ ಬೆರಳನ್ನೇ ನೋಡ್ತಿದ್ಲು, ಆಗಲೇ ಅಂದ್ಕೊಂಡೆ ನಾನು.

ಸರಿ. ಹೌದು. ಆಯ್ತಾ? ಹೌದು ಅಂದೆ.

ಹತ್ತನೇ ನಂಬರಿನ ಚೀಟಿ ಟೋಪಿ ಒಳಗಿನ ಪಟ್ಟಿಗೆ ಸಿಕ್ಕಿಸಿ ಇಡ್ತಿದ್ದೆ. ದೊಡ್ಡವರು ಮೊದಲು, ಚಿಕ್ಕವಳು ಕೊನೇಲಿ ಅಂತ ನಾನೇ ಕ್ರಮ ಮಾಡಿದ್ದು. ನಿನ್ನ ಕೈ ಬರೋ ಹೊತ್ತಿಗೆ ಟೋಪಿ ಖಾಲಿ. 'ಅಯ್ಯೋ, ಇಲ್ಲಿ ಪಟ್ಟೀಲಿ ಸಿಕ್ಕಿಕೊಂಡಿದೆ ನೋಡೇ ನಿಂದು' ಅಂತ ನಾನೇ ತೆಗೆದು ಕೊಡ್ತಿದ್ದೆ. ಮೂರು ಸಲವೂ. ಮೂರು ಸಲವೂ ನೀನು ನಗ್ತಾ ಇಸ್ಕೊಂಡೆ.

ಮೊದಲ ಸಲ ದೇವರಾಣೆ ನಿನ್ನ ಒಳ್ಳೇದಕ್ಕೇ ಮಾಡಿದ್ದು. ಹದಿನಾರರ ಹುಡುಗಿ ಕೈಗೆ ಮೊದಲ ತಿಂಗಳೇ ಅಷ್ಟು ದುಡ್ಡು ಬಂದ್ರೆ? ಕಾಯೋದು ಕಲೀಲಿ ಅಂತ. ಎರಡನೇ ಸಲವೂ ಹಾಗೇ ಅಂದ್ಕೋ. ಮೂರನೇ ಸಲ... ಮೂರನೇ ಸಲ ಕಾಸಿಮಿರಾ ಜಾಗ ಬಿಡ್ತಾಳೆ ಅಂತ ನನಗೆ ಗೊತ್ತಿತ್ತು. ನಿನಗಿಂತ ಮೊದಲೇ ಗೊತ್ತಿತ್ತು.

ನೀನು ಅಲ್ಲಿ ಮೂಲೇಲಿ ಕೂತು ಕೂಗಿದ್ರೆ ನನ್ನ ಹತ್ರ ಯಾರು ಬರ್ತಾರೆ ಹೇಳು? ಗಿರಾಕಿಗಳು ಬರೋದು ನನ್ನ ಜೋಳಕ್ಕಲ್ಲ, ನಿನ್ನ ಬಾಯಿಗೆ. 'ನೈದಾ ಇಲ್ವಾ?' ಅಂತ ಕೇಳಿ ಮುಂದೆ ಹೋಗಿಬಿಡ್ತಾರೆ. ಬೆಳಿಗ್ಗೆ ಮೂಟೆ ಇಳಿಸೋರು ಯಾರು? ಟಾರ್ಪಾಲು ಕಟ್ಟೋರು ಯಾರು? ಈ ಮಂಡಿ ಇಟ್ಕೊಂಡು ನಾನಾ? ಇನ್ನೊಂದು ವರ್ಷ, ಇನ್ನೊಂದೇ ವರ್ಷ ಇವಳು ನನ್ನ ಜೊತೆ ಇರಲಿ ಅಂದ್ಕೊಂಡೆ. ಪ್ರತಿ ವರ್ಷವೂ ಅದನ್ನೇ ಅಂದ್ಕೊಂಡೆ. ನಿನ್ನನ್ನ ಬಿಟ್ಟು ನನಗೆ ಆಗಲ್ಲ ಕಣೇ. ಅದನ್ನ ಬಾಯಿಬಿಟ್ಟು ಕೇಳೋಕೆ ನಾಚಿಕೆ. ಅದಕ್ಕೇ ತಾಳ್ಮೆ ಪಾಠ ಹೇಳ್ತಿದ್ದೆ.

ಬೈಯಿ. ಹತ್ತಿ ಉಗಿದು ಬೈಯಿ, ಪರವಾಗಿಲ್ಲ! ಗೊತ್ತಿದ್ದೂ ಬಂದು ಹೀಗೆ ಸುಮ್ಮನೆ ಕೂತ್ಕೊಂಡು ನನ್ನ ಬಾಯಿಂದಲೇ ಹೊರಡಿಸಿದೆಯಲ್ಲ, ಭಲೇ ಹುಡುಗಿ ನೀನು...

ಏನು? ಏನು ಕೈ ತೋರಿಸ್ತೀಯ? ಟೋಪಿ ಅಲ್ವಾ? ಮೇಲಾ? ಮೇಲೇನಿದೆ... ಗಡಿಯಾರ.

ಗಡಿಯಾರ ನೋಡ್ತಿದ್ದೆಯಾ?

ಕೆನ್ನೆ... ಓ. ಹತ್ತಿ ತೆಗೆಯೋ ಹೊತ್ತಾಯ್ತಾ ಅಂತ. ಒಂದು ಗಂಟೆ ಆಯ್ತಾ ಅಂತ.

ಹಾಗಾದ್ರೆ ಎವ್ಲೋಹಿಯಾ ಏನೂ... ಇಲ್ವಾ? ಯಾರೂ ಹೇಳಿಲ್ವಾ? ನಿನಗೆ ಗೊತ್ತೇ ಇರಲಿಲ್ವಾ?

ಅಯ್ಯೋ ದೇವರೇ. ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನಲೇ ಇಲ್ಲ, ನಾನೇ ಹೆಗಲು ಮುಟ್ಟಿ ನೋಡ್ಕೊಂಡೆ.

ಆಯ್ತು ಈಗ, ಗಂಟೆ ಆಯ್ತು. ತೆಗಿ ಹತ್ತಿ. ಹಾಂ, ರಕ್ತ ನಿಂತಿದೆ. ಈಗ ಮಾತಾಡಬಹುದು ನೀನು.

ಮಾತಾಡೇ.

ನೈದಾ, ನಿನಗೆ ಕೈ ಮುಗೀತೀನಿ, ಏನಾದ್ರೂ ಅನ್ನು. ಅವರು ಬರ್ತಿದಾರೆ, ಕೇಳಿಸ್ತಿದೆಯಾ, ರೆಮೆದಿಯೋಸ್ ನಗು ಅದು. ಹೊಸ ಸುತ್ತಿಗೆ ನಿನ್ನನ್ನ ಸೇರಿಸ್ಲಾ ಬೇಡ್ವಾ? ಈ ಸಲ ನೀನೇ ಮೊದಲು ಎತ್ತು, ಅವರ ಟೋಪೀಲಿ ಎತ್ತು, ನಾನು ಮುಟ್ಟೋದೂ ಇಲ್ಲ...

ಗಂಟು ಯಾಕೆ ಬಿಚ್ತೀಯ? ಇಲ್ಲೇ ಬಿಚ್ತೀಯಾ, ಎಲ್ಲರ ಎದುರಿಗೆ?

ಎಣಿಸ್ತೀಯಾ?

ನಾನು ಕೊಟ್ಟಿದ್ದನ್ನ ಎಣಿಸ್ತಿದೀಯ ನೀನು. ಇಷ್ಟು ವರ್ಷ ನನ್ನ ಕೈಯಿಂದ ಸಂಬಳ ಇಸ್ಕೊಂಡಿದೀಯ, ಗಂಟು ಇಸ್ಕೊಂಡಿದೀಯ, ಒಂದು ದಿನ ಎಣಿಸಿದವಳಲ್ಲ. 'ಮದ್ರಿನಾ ಕೊಟ್ಟಮೇಲೆ ಏನು ಎಣಿಸೋದು' ಅಂತ ಹಾಗೇ ಶಾಲಿಗೆ ಸಿಕ್ಕಿಸಿಕೊಳ್ತಿದ್ದೆ.

...ಎಣಿಸಮ್ಮ. ಒಂದೊಂದೇ ನೋಟು ಬಿಡಿಸಿ ಎಣಿಸು. ಇದೊಂದನ್ನ ನಾನು ನಿನಗೆ ಕಲಿಸಿರಲಿಲ್ಲ. ಅವರು ಬಂದು ಆಚೆ ನಿಂತಿರಲಿ ಬಿಡು. ನಾನು ಕಾಯ್ತೀನಿ.